ಲೇಖನಿಯೂ ಹಲಗೆಯೂ: ಹೊಂದಿಕೆಯ ನೀತಿ

ಬರೆಯುವುದಕ್ಕೆ ಎರಡು ವಸ್ತುಗಳು ಬೇಕು. ಗುರುತು ಮೂಡಿಸುವುದು ಒಂದು, ಆ ಗುರುತನ್ನು ಉಳಿಸಿಕೊಳ್ಳುವುದು ಇನ್ನೊಂದು. ತಾಳೆಗರಿಗೆ ಕಬ್ಬಿಣದ ಕಂಟವಿತ್ತು. ಇದ್ದಿಲಪುಡಿಯನ್ನೂ ಹುಣಸೆಬೀಜದ ಅಂಟನ್ನೂ ಬಳಿದು ಕಪ್ಪಾಗಿಸಿದ ಬಟ್ಟೆಯ ಕಡತಕ್ಕೆ ಬಳಪವಿತ್ತು. ಮದ್ರಸದ ಮರದ ಹಲಗೆಗೆ ಜೊಂಡಿನ ಲೇಖನಿಯಿತ್ತು. ನಮ್ಮ ಪ್ರಾಥಮಿಕ ಶಾಲೆಗಳ ಸ್ಲೇಟಿಗೆ ಕಡ್ಡಿಯಿತ್ತು. ಈ ಜೋಡಿಗಳೆಲ್ಲಕ್ಕೂ ಒಂದು ಗುಣ ಸಮಾನವಾಗಿತ್ತು. ಒಂದೂರಿನ ಬಳಪ ಇನ್ನೊಂದೂರಿನ ಕಡತದ ಮೇಲೆ ಬರೆಯುತ್ತಿತ್ತು. ಅಣ್ಣನ ಸ್ಲೇಟು ತಂಗಿಗೆ ಬಂದರೆ ಅದರ ಜೊತೆಗೆ ಹೊಸ ಬಗೆಯ ಕಡ್ಡಿ ಹುಡುಕಬೇಕಾಗಿರಲಿಲ್ಲ.

ಇಂದು ಸ್ಲೇಟಿನ ಜಾಗಕ್ಕೆ ಟ್ಯಾಬ್ಲೆಟ್ ಬಂದಿದೆ, ಕಡ್ಡಿಯ ಜಾಗಕ್ಕೆ ಸ್ಟೈಲಸ್ ಬಂದಿದೆ. ಚಿತ್ರದುರ್ಗ ಜಿಲ್ಲೆಯ ಮತ್ತೋಡಿನ ಒಬ್ಬ ವಿದ್ಯಾರ್ಥಿನಿ ಹೊಸದುರ್ಗದ ಅಂಗಡಿಗೆ ಹೋಗಿ ತನ್ನ ಟ್ಯಾಬ್ಲೆಟ್‌ಗೆ ಪೆನ್ ಕೇಳುತ್ತಾಳೆ ಎಂದಿಟ್ಟುಕೊಳ್ಳೋಣ. ಅಂಗಡಿಯಾತ ಮೊದಲು ಕೇಳುವ ಪ್ರಶ್ನೆ ‘ಯಾವ ಕಂಪೆನಿ?’ ಎಂದು. ಎರಡನೆಯದು ‘ಯಾವ ಮಾಡೆಲ್?’ ಎಂದು. ಮೂರನೆಯದು ‘ಯಾವ ವರ್ಷದ್ದು?’ ಎಂದು. ಮೂರಕ್ಕೂ ಸರಿಯಾದ ಉತ್ತರ ಸಿಗದೆ ಕೊಂಡ ಪೆನ್ನು ಕೈಯಲ್ಲಿ ಬರಿಯ ಪ್ಲಾಸ್ಟಿಕ್ ಕಡ್ಡಿಯಾಗಿ ಉಳಿಯಬಹುದು. ಇದು ಬರಿಯ ತಂತ್ರಜ್ಞಾನದ ಮಾತೇ? ಅಥವಾ ಮಾರುವವನಿಗೂ ಕೊಳ್ಳುವವನಿಗೂ ನಡುವಿನ ನ್ಯಾಯದ ಪ್ರಶ್ನೆಯೊಂದು ಇದರೊಳಗೆ ಅಡಗಿದೆಯೇ?

ನಾಲ್ಕು ಬಗೆಯ ಪೆನ್ನುಗಳು

ನ್ಯಾಯದ ಮಾತಿಗೆ ಮುನ್ನ ವಸ್ತುವಿನ ಗುಣ ತಿಳಿಯಬೇಕು. ಇಂದು ಮಾರುಕಟ್ಟೆಯಲ್ಲಿರುವ ಸ್ಟೈಲಸ್‌ಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು, ತುದಿಗೆ ರಬ್ಬರ್ ಅಥವಾ ವಿದ್ಯುತ್ ಹರಿಯುವ ಬಟ್ಟೆ ಇರುವ ಸಾದಾ ಪೆನ್ನು. ಪರದೆಗೆ ಅದು ಬೆರಳಿನಂತೆಯೇ ಕಾಣುತ್ತದೆ. ಬೆರಳಿಗೆ ಓಗೊಡುವ ಎಲ್ಲ ಪರದೆಗಳ ಮೇಲೂ ಅದು ನಡೆಯುತ್ತದೆ, ಚಾರ್ಜ್ ಬೇಡ. ಆದರೆ ಒತ್ತಿ ಬರೆದರೆ ದಪ್ಪ, ಹಗುರವಾಗಿ ಬರೆದರೆ ತೆಳು ಎಂಬ ಭೇದ ಅದಕ್ಕೆ ತಿಳಿಯದು. ಬರೆಯುವಾಗ ಅಂಗೈ ಪರದೆಗೆ ತಗುಲಿದರೆ ಅದನ್ನೂ ಬರಹವೆಂದೇ ಟ್ಯಾಬ್ಲೆಟ್ ಎಣಿಸಬಹುದು.

ಎರಡನೆಯದು ಜಪಾನಿನ ವಾಕಮ್ ಕಂಪೆನಿ ಹೆಸರುವಾಸಿಯಾಗಿಸಿದ ವಿದ್ಯುತ್ಕಾಂತೀಯ ಅನುರಣನದ ಪೆನ್ನು. ಪರದೆಯ ಕೆಳಗೆ ತಂತಿಗಳ ಒಂದು ಜಾಲವಿರುತ್ತದೆ. ಅದು ಹೊಮ್ಮಿಸುವ ಕಾಂತಕ್ಷೇತ್ರದಿಂದಲೇ ಪೆನ್ನು ತನಗೆ ಬೇಕಾದ ಶಕ್ತಿ ಪಡೆದು ಮರುಳಿಸಿ ಸಂಕೇತ ಕಳಿಸುತ್ತದೆ. ಬರೆಯುವುದಕ್ಕೆ ಬ್ಯಾಟರಿಯೇ ಬೇಡ. 2011ರಲ್ಲಿ ಗ್ಯಾಲಕ್ಸಿ ನೋಟ್ ಫೋನಿನೊಡನೆ ಬಂದ ಸ್ಯಾಮ್‌ಸಂಗ್‌ನ ಎಸ್ ಪೆನ್ ಈ ಜಾತಿಯದು. 2018ರ ನೋಟ್ 9ರಲ್ಲಿ ಅದಕ್ಕೆ ಚಾರ್ಜ್ ಸೇರಿದ್ದು ದೂರದಿಂದ ಫೋಟೋ ತೆಗೆಯುವಂಥ ಕೆಲಸಗಳಿಗಾಗಿ; ಚಾರ್ಜ್ ಮುಗಿದರೂ ಬರವಣಿಗೆ ನಿಲ್ಲದು.

ಮೂರನೆಯದು, ಒಳಗೆ ಬ್ಯಾಟರಿ ಇಟ್ಟುಕೊಂಡು ತನ್ನದೇ ಸಂಕೇತ ಹೊಮ್ಮಿಸುವ, ಒಂದು ಕಂಪೆನಿಯ ಯಂತ್ರಕ್ಕೆ ಮಾತ್ರ ಒಗ್ಗುವ ಪೆನ್ನು. ಆಪಲ್ ಪೆನ್ಸಿಲ್ ಇದಕ್ಕೆ ಉದಾಹರಣೆ. ನಾಲ್ಕನೆಯದೂ ಬ್ಯಾಟರಿಯದೇ, ಆದರೆ ಹಲವು ಕಂಪೆನಿಗಳು ಕೂಡಿ ಒಪ್ಪಿದ ನಿಯಮದಂತೆ ನಡೆಯುವಂಥದು. 2015ರಲ್ಲಿ ಹುಟ್ಟಿದ ‘ಯುನಿವರ್ಸಲ್ ಸ್ಟೈಲಸ್ ಇನಿಶಿಯೇಟಿವ್’ ಎಂಬ ಒಕ್ಕೂಟದ ನಿಯಮಕ್ಕೆ ಹೊಂದುವ ಪೆನ್ನು, ಅದೇ ನಿಯಮ ಪಾಲಿಸುವ ಯಾವ ಕಂಪೆನಿಯ ಯಂತ್ರದ ಮೇಲಾದರೂ ಬರೆಯಬೇಕು ಎಂಬುದು ಅದರ ಗುರಿ. ಹಲವು ಕ್ರೋಮ್‌ಬುಕ್‌ಗಳು ಇದನ್ನು ಅಳವಡಿಸಿಕೊಂಡಿವೆ.

ಮೂರನೆಯ ಬಗೆಯ ಕಥೆಯನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು. 2015ರಲ್ಲಿ ಬಂದ ಮೊದಲ ಆಪಲ್ ಪೆನ್ಸಿಲನ್ನು ಐಪ್ಯಾಡಿನ ಕಿಂಡಿಗೇ ಚುಚ್ಚಿ ಚಾರ್ಜ್ ಮಾಡಬೇಕಿತ್ತು. 2018ರ ಎರಡನೆಯ ಪೀಳಿಗೆಯದು ಐಪ್ಯಾಡಿನ ಅಂಚಿಗೆ ಅಯಸ್ಕಾಂತದಂತೆ ಅಂಟಿಕೊಂಡು ಚಾರ್ಜ್ ಆಗುತ್ತಿತ್ತು, ಆದರೆ ಹಳೆಯ ಐಪ್ಯಾಡುಗಳ ಮೇಲೆ ಬರೆಯುತ್ತಿರಲಿಲ್ಲ. 2022ರಲ್ಲಿ ಹತ್ತನೆಯ ಪೀಳಿಗೆಯ ಐಪ್ಯಾಡಿಗೆ ಟೈಪ್-ಸಿ ಕಿಂಡಿ ಬಂತು; ಪೆನ್ನು ಮಾತ್ರ ಮೊದಲ ಪೀಳಿಗೆಯದೇ. ಪೆನ್ನಿನ ಮೂತಿ ಕಿಂಡಿಗೆ ಹೊಂದದೆ ನಡುವೆ ಒಂದು ಪುಟ್ಟ ಜೋಡಣೆಯನ್ನೂ ಕೇಬಲನ್ನೂ ಇಡಬೇಕಾಯಿತು. 2023ರಲ್ಲಿ ಟೈಪ್-ಸಿ ಪೆನ್ಸಿಲ್ ಬಂತು, ಆದರೆ ಒತ್ತಡದ ಅರಿವು ಅದಕ್ಕಿರಲಿಲ್ಲ. 2024ರಲ್ಲಿ ಪೆನ್ಸಿಲ್ ಪ್ರೊ ಬಂದಾಗ, ಅದರ ಜೊತೆಗೆ ಬಂದ ಹೊಸ ಐಪ್ಯಾಡ್ ಪ್ರೊ ಮೇಲೆ 2018ರ ಪೆನ್ಸಿಲ್ ನಡೆಯಲಿಲ್ಲ. ಒಂಬತ್ತು ವರ್ಷ, ಒಂದೇ ಕಂಪೆನಿ, ನಾಲ್ಕು ಪೆನ್ನು. ಯಾವುದು ಯಾವುದಕ್ಕೆ ಎಂದು ತಿಳಿಯಲು ಕೋಷ್ಟಕವನ್ನೇ ನೋಡಬೇಕು.

ಚಾರ್ಜಿನದು ಬೇರೊಂದು ಸಂಕಟ. ಇಂಥ ಪೆನ್ನುಗಳ ಒಳಗಿನ ಪುಟ್ಟ ಲಿಥಿಯಂ ಬ್ಯಾಟರಿಯನ್ನು ಬಹುಮಟ್ಟಿಗೆ ಬಿಚ್ಚಲಾಗದಂತೆ ಮುಚ್ಚಿರುತ್ತಾರೆ. ತಿಂಗಳುಗಟ್ಟಲೆ ಚಾರ್ಜ್ ಮಾಡದೆ ಡ್ರಾಯರಿನಲ್ಲಿ ಬಿಟ್ಟರೆ ಅದು ತೀರಾ ಬರಿದಾಗಿ ಮತ್ತೆ ಚಾರ್ಜ್ ಹಿಡಿಯದೇ ಹೋಗಬಹುದು. ಬೇಸಿಗೆ ರಜೆಯಲ್ಲಿ ಮೂಲೆಗಿಟ್ಟ ಬಳಪ ಜೂನ್ ತಿಂಗಳಲ್ಲಿ ಬರೆಯುತ್ತದೆ. ಈ ಪೆನ್ನಿನ ವಿಷಯದಲ್ಲಿ ಆ ಭರವಸೆಯಿಲ್ಲ.

ಮತ್ತೋಡಿನ ಬಳೆ

ಮತ್ತೋಡಿನ ಹೆಸರೆತ್ತಿದ್ದಕ್ಕೆ ಕಾರಣವಿದೆ. ಈ ಊರು ಒಂದು ಕಾಲಕ್ಕೆ ಗಾಜಿಗೆ ಹೆಸರಾಗಿತ್ತು. ಟಿಪ್ಪು ಸುಲ್ತಾನರ ಪತನದ ನಂತರ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ ಇಲ್ಲಿನ ಗಾಜಿನ ಕುಲುಮೆಗಳನ್ನು ವರ್ಣಿಸಿದ್ದಾನೆ. ಸುತ್ತಲಿನ ಚೌಳು ಮಣ್ಣಿನ ಕ್ಷಾರ ಮತ್ತು ಬಿಳಿಯ ಬೆಣಚುಕಲ್ಲಿನ ಪುಡಿಯಿಂದ ಗಾಜು ಕಾಯಿಸಿ, ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂಬ ಐದು ಬಣ್ಣಗಳಲ್ಲಿ ಹೆಂಗಸರ ಬಳೆಗಳಿಗಾಗಿ ಅದನ್ನು ತಯಾರಿಸುತ್ತಿದ್ದರು. ಇಂದು ನಮ್ಮ ಸಂತೆಗಳ ಬಳೆ ಬಹುಪಾಲು ಉತ್ತರಪ್ರದೇಶದ ಫಿರೋಜಾಬಾದಿನಿಂದ ಬರುತ್ತದೆ. ಟ್ಯಾಬ್ಲೆಟ್‌ನ ಪರದೆಯೂ ಗಾಜೇ. ಗಟ್ಟಿಗೊಳಿಸುವ ವಿಧಾನ ಬೇರೆ, ಆದರೆ ಅದರ ಮೂಲದ್ರವ್ಯವೂ ಬೆಣಚುಕಲ್ಲಿನಲ್ಲಿರುವ ಸಿಲಿಕವೇ.

ಬಳೆಯೂ ಎಲ್ಲ ಕೈಗೂ ಹೊಂದುವುದಿಲ್ಲ ಎಂಬುದನ್ನು ಗಮನಿಸಬೇಕು. ಬಳೆಗಾರ ಮೊದಲು ಕೈಯನ್ನು ಒತ್ತಿ ನೋಡುತ್ತಾನೆ. ಎರಡು-ನಾಲ್ಕು, ಎರಡು-ಆರು, ಎರಡು-ಎಂಟು ಎಂದು ಅಳತೆ ಹೇಳುತ್ತಾನೆ. ಎರಡು ಇಂಚಿನ ಮೇಲೆ ಇಂಚಿನ ಹದಿನಾರನೆಯ ಭಾಗಗಳೆಷ್ಟು ಎಂಬುದೇ ಆ ಎರಡನೆಯ ಸಂಖ್ಯೆ. ಎರಡು-ನಾಲ್ಕಕ್ಕೆ ಎರಡೂಕಾಲು ಇಂಚು. ಯಾವ ಊರಿನಲ್ಲಿ ಮಾಡಿದ ಬಳೆಯಾದರೂ, ಯಾವ ಅಂಗಡಿಯದಾದರೂ ಈ ಅಳತೆಯ ಕೈಗೆ ಅದು ಏರುತ್ತದೆ. ಆ ಅಳತೆಗೆ ಒಡೆಯನಿಲ್ಲ. ಅದನ್ನು ಬಳಸಿದ್ದಕ್ಕೆ ಯಾರೂ ಯಾರಿಗೂ ಹಣ ತೆರಬೇಕಿಲ್ಲ. ಮುಂದಿನ ವರ್ಷ ಅಳತೆ ಬದಲಾಯಿತೆಂದು ಯಾರೂ ಹೇಳುವುದಿಲ್ಲ. ಕೈ ದಪ್ಪಗಾದರೆ ಮಾತ್ರ ಬಳೆ ಬದಲಾಗುತ್ತದೆ.

ಹಾಗಾಗಿ ಹೊಂದದಿರುವುದೇ ತಪ್ಪಲ್ಲ. ಹೊಂದದಿರುವುದಕ್ಕೆ ಕಾರಣವೇನು ಎಂಬುದರಲ್ಲಿ ನೀತಿಯ ಪ್ರಶ್ನೆಯಿದೆ. ಕೈಯ ಗಾತ್ರದಂತೆ ಪ್ರಕೃತಿಯಿಂದಲೇ ಬರುವ ಹೊಂದಿಕೆಯಿಲ್ಲದಿರುವಿಕೆ ಒಂದು. ಅನುರಣನದ ಪೆನ್ನು ತಂತಿಯ ಜಾಲವಿಲ್ಲದ ಪರದೆಯ ಮೇಲೆ ಬರೆಯದಿರುವುದು ಈ ಬಗೆಯದು. ಅದಕ್ಕೆ ಯಾರನ್ನೂ ದೂರಲಾಗದು. ಹೊಸ ಅನುಕೂಲವೊಂದಕ್ಕಾಗಿ ಹಳೆಯದನ್ನು ಕೈಬಿಡಬೇಕಾಗಿ ಬಂದದ್ದು ಇನ್ನೊಂದು. ಮೂರನೆಯದು, ಹೊಂದುವಂತೆ ಮಾಡಲು ಸಾಧ್ಯವಿದ್ದೂ, ಗಿರಾಕಿ ಬೇರೆ ಅಂಗಡಿಗೆ ಹೋಗದಿರಲೆಂದು ಬೇಕೆಂದೇ ಹಾಕಿದ ಬೀಗ. ಮೊದಲನೆಯದು ವಿಧಿ, ಎರಡನೆಯದು ಆಯ್ಕೆ, ಮೂರನೆಯದು ಕಟ್ಟು. ಕಷ್ಟವೇನೆಂದರೆ ಹೊರಗಿನಿಂದ ನೋಡುವ ಗಿರಾಕಿಗೆ ಮೂರೂ ಒಂದೇ ರೀತಿ ಕಾಣುತ್ತವೆ. ಪೆನ್ನು ಬರೆಯುವುದಿಲ್ಲ, ಅಷ್ಟೆ.

ಆಚೆಯವರ ವಾದ

ತಯಾರಕರ ಪರವಾಗಿ ಹೇಳಬಹುದಾದ ಮಾತನ್ನು ಹಗುರವಾಗಿ ತಳ್ಳಿಹಾಕಬಾರದು. ಪೆನ್ನನ್ನೂ ಪರದೆಯನ್ನೂ ಒಬ್ಬನೇ ರೂಪಿಸಿದಾಗ ಕೈ ಚಲಿಸಿದ ತಕ್ಷಣ ಗೆರೆ ಮೂಡುತ್ತದೆ, ಓರೆಯಾಗಿ ಹಿಡಿದರೆ ನೆರಳಿನ ಗೀರು ಬರುತ್ತದೆ, ಅಂಗೈ ತಗುಲಿದರೂ ಬರಹ ಕೆಡುವುದಿಲ್ಲ. ಚಿತ್ರಕಾರನಿಗೆ ಇದು ನಿಜವಾದ ಲಾಭ. 2024ರ ಐಪ್ಯಾಡ್ ಪ್ರೊದಲ್ಲಿ ಮುಂಭಾಗದ ಕ್ಯಾಮೆರಾವನ್ನು ಉದ್ದದ ಅಂಚಿಗೆ, ಅಂದರೆ ಪೆನ್ನು ಅಂಟಿಕೊಳ್ಳುವ ಕಡೆಗೇ ತಂದರು. ವಿಡಿಯೋ ಕರೆಯಲ್ಲಿ ಮುಖ ನೇರವಾಗಿ ಕಾಣಲೆಂದು ಮಾಡಿದ ಬದಲಾವಣೆಯದು. ಅದಕ್ಕಾಗಿ ಚಾರ್ಜಿನ ವ್ಯವಸ್ಥೆಯೂ ಬದಲಾಗಬೇಕಾಯಿತು. ಇದು ನಾವು ಹೇಳಿದ ಎರಡನೆಯ ಬಗೆ. ಎಲ್ಲರಿಗೂ ಒಂದೇ ನಿಯಮವೆಂದು ಮೊದಲೇ ಗೆರೆ ಎಳೆದಿದ್ದರೆ ಸುಧಾರಣೆಯೇ ನಿಂತುಹೋಗುತ್ತಿತ್ತು ಎಂಬ ಅಳುಕಿನಲ್ಲೂ ಸತ್ಯಾಂಶವಿದೆ.

ನಮ್ಮ ಬೆಂಗಳೂರಿನದೇ ಒಂದು ಅನುಭವ ಈ ವಾದಕ್ಕೆ ಬಲ ಕೊಡುವಂತೆ ಕಾಣುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ತಂತ್ರಜ್ಞರೂ ಕೂಡಿ 2001ರಲ್ಲಿ ಸಿಂಪ್ಯೂಟರ್ ಎಂಬ ಕೈಗಣಕವನ್ನು ಹೊರತಂದರು. ಪರದೆಯ ಮೇಲೆ ಸಾದಾ ಕಡ್ಡಿಯಿಂದ ಬರೆಯಬಹುದಿತ್ತು, ಆ ಕಡ್ಡಿಗೆ ಚಾರ್ಜ್ ಬೇಕಿರಲಿಲ್ಲ. ಒಂದೇ ಯಂತ್ರವನ್ನು ಊರಿನ ಹಲವರು ಸ್ಮಾರ್ಟ್ ಕಾರ್ಡ್ ಮೂಲಕ ಹಂಚಿಕೊಳ್ಳಬಹುದೆಂಬುದು ಅವರ ಕಲ್ಪನೆ. ಅದರ ವಿನ್ಯಾಸವನ್ನೂ ಮುಚ್ಚಿಡದೆ ಪರವಾನಗಿಯೊಂದರಡಿ ಇತರರಿಗೆ ತೆರೆದಿಟ್ಟರು. 2004ರಲ್ಲಿ ಅಮಿಡಾ ಎಂಬ ಹೆಸರಿನಲ್ಲಿ ಅದು ಅಂಗಡಿಗೂ ಬಂತು. ಆದರೆ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. 2011ರಲ್ಲಿ ಕೇಂದ್ರ ಸರಕಾರ ಬಿಡುಗಡೆ ಮಾಡಿದ ಮೊದಲ ಆಕಾಶ್ ಟ್ಯಾಬ್ಲೆಟ್‌ನ ಪರದೆಯೂ ಒತ್ತಿದರೆ ಓಗೊಡುವಂಥದು. ಉಗುರಿನಿಂದಲೋ ಕಡ್ಡಿಯಿಂದಲೋ ಅದರ ಮೇಲೆ ಬರೆಯಬಹುದಿತ್ತು. ಮಂದಗತಿಯ ಕಾರಣಕ್ಕೆ ಅದೂ ಟೀಕೆಗೆ ಗುರಿಯಾಯಿತು.

ಇದರಿಂದ ತೆರೆದ ದಾರಿಯೇ ತಪ್ಪೆಂದು ತೀರ್ಮಾನಿಸಲಾಗದು. ಮುಕ್ತವಾಗಿರುವುದಷ್ಟೇ ಸಾಲದು, ವಸ್ತು ಚೆನ್ನಾಗಿಯೂ ಇರಬೇಕು ಎಂಬುದಷ್ಟೇ ಇದರ ಪಾಠ. ಮತ್ತು ಎರಡೂ ಒಟ್ಟಿಗೆ ಸಾಧ್ಯ ಎಂಬುದಕ್ಕೆ ಚಾರ್ಜರೇ ಸಾಕ್ಷಿ. ಒಂದು ಕಾಲಕ್ಕೆ ಪ್ರತಿ ಫೋನಿಗೂ ಬೇರೆ ಬೇರೆ ಮೂತಿಯ ಚಾರ್ಜರಿತ್ತು. ಐರೋಪ್ಯ ಒಕ್ಕೂಟ 2022ರಲ್ಲಿ ಕಾನೂನು ಮಾಡಿ, 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರುವ ಹೊಸ ಫೋನು, ಟ್ಯಾಬ್ಲೆಟ್‌ಗಳಿಗೆ ಟೈಪ್-ಸಿ ಕಿಂಡಿಯನ್ನು ಕಡ್ಡಾಯಗೊಳಿಸಿತು. ಭಾರತೀಯ ಮಾನಕ ಸಂಸ್ಥೆಯೂ 2023ರ ಜನವರಿಯಲ್ಲಿ ಟೈಪ್-ಸಿ ಮಾನಕವನ್ನು ಪ್ರಕಟಿಸಿತು. ಇದರಿಂದ ಫೋನುಗಳ ಸುಧಾರಣೆ ನಿಂತುಹೋಗಲಿಲ್ಲ. ಅಸಾಧ್ಯವೆಂದು ಹೇಳುತ್ತಿದ್ದ ಹೊಂದಿಕೆ, ಬೇಕೆಂದು ಹಟ ಹಿಡಿದಾಗ ಸಾಧ್ಯವಾಯಿತು.

ಕೊಂಡದ್ದು ಏನು?

ಈಗ ಮೂಲ ಪ್ರಶ್ನೆಗೆ ಬರೋಣ. ಬಳಪ ಕೊಂಡವನು ಬಳಪಕ್ಕೆ ಪೂರ್ತಿ ಒಡೆಯ. ಒಂದೇ ಯಂತ್ರಕ್ಕೆ ಒಗ್ಗುವ ಪೆನ್ನು ಕೊಂಡವನು ಯಾವುದಕ್ಕೆ ಒಡೆಯ? ಆ ಯಂತ್ರ ಕೆಟ್ಟರೆ, ಅಥವಾ ತಯಾರಕ ಮುಂದಿನ ಮಾಡೆಲಿನಲ್ಲಿ ಅದನ್ನು ಕೈಬಿಟ್ಟರೆ, ಸುಸ್ಥಿತಿಯಲ್ಲಿರುವ ಪೆನ್ನೂ ನಿರುಪಯೋಗಿ. ಆತ ಕೊಂಡದ್ದು ಪೆನ್ನಿಗಿಂತ ಹೆಚ್ಚಾಗಿ ಒಂದು ಸಂಬಂಧವನ್ನು. ಆ ಸಂಬಂಧದ ಅವಧಿಯನ್ನು ನಿರ್ಧರಿಸುವ ಅಧಿಕಾರ ಮಾತ್ರ ಒಂದೇ ಕಡೆ ಇದೆ.

ಅವಲಂಬನೆ ಹೊಸದೇನಲ್ಲ. ಶಾಯಿಯ ಪೆನ್ನು ಶಾಯಿಯನ್ನು, ಕಾಗದವನ್ನು ಅವಲಂಬಿಸಿತ್ತು. ಆದರೆ ಆ ಅವಲಂಬನೆ ಎಲ್ಲರಿಗೂ ತಿಳಿದಿತ್ತು, ಶಾಯಿಯನ್ನು ಯಾವ ಅಂಗಡಿಯಿಂದಲೂ ತರಬಹುದಿತ್ತು. ಅವಲಂಬನೆ ಅನ್ಯಾಯವಾಗುವುದು ಎರಡು ಸಂದರ್ಭಗಳಲ್ಲಿ: ಅದನ್ನು ಮರೆಮಾಚಿದಾಗ, ಮತ್ತು ಅದರಿಂದ ಹೊರಬರುವ ದಾರಿಗಳನ್ನೆಲ್ಲ ಮುಚ್ಚಿದಾಗ.

ಮರೆಮಾಚುವಿಕೆಯ ಬಗ್ಗೆ ವ್ಯಾಪಾರದ ನೀತಿ ಹಳೆಯದು. ಸರಕಿನ ದೋಷವನ್ನು ಮುಚ್ಚಿಟ್ಟು ಮಾರಿದರೆ, ತಿಳಿದ ಮೇಲೆ ಅದನ್ನು ಹಿಂದಿರುಗಿಸುವ ಹಕ್ಕನ್ನು ಇಸ್ಲಾಮೀ ಫಿಕ್‌ಹ್ ಕೊಳ್ಳುವವನಿಗೆ ಕೊಡುತ್ತದೆ. ಅದನ್ನು ‘ಖಿಯಾರುಲ್ ಐಬ್’ ಎಂದು ಕರೆಯುತ್ತಾರೆ. ಸರಕಿನ ಗುಣಮಟ್ಟದ ಬಗ್ಗೆ ಮಾಹಿತಿ ಪಡೆಯುವುದು ಗ್ರಾಹಕನ ಹಕ್ಕೆಂದು ನಮ್ಮ ದೇಶದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯೂ ಹೇಳುತ್ತದೆ. ಯಾವ ಪೆನ್ನು ಯಾವ ಯಂತ್ರಕ್ಕೆ ಎಂಬುದನ್ನು ಕಂಪೆನಿಗಳು ಎಲ್ಲೋ ಒಂದು ಕಡೆ ಬರೆದಿರುತ್ತವೆ, ನಿಜ. ಆದರೆ ಪೆಟ್ಟಿಗೆಯ ಮೇಲೆ ಕಣ್ಣಿಗೆ ಬೀಳದ ಅಕ್ಷರಗಳಲ್ಲಿ, ಅದೂ ಬಹುಪಾಲು ಇಂಗ್ಲಿಷಿನಲ್ಲಿ ಬರೆದರೆ, ಹೊಸದುರ್ಗದ ಅಂಗಡಿಯಲ್ಲಿ ನಿಂತ ಹುಡುಗಿಗೆ ಅದನ್ನು ಹೇಳಿದಂತಾಯಿತೇ? ಸತ್ಯವನ್ನು ಕೇಳುವವನಿಗೆ ತಲುಪದಂತೆ ಹೇಳುವುದೂ ಒಂದು ಬಗೆಯ ಮೌನವೇ.

ಇದರ ಭಾರ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಉಳ್ಳವನಿಗೆ ಹೊಸ ಪೆನ್ನು ಒಂದು ಸಣ್ಣ ಕಿರಿಕಿರಿ. ಹಳೆಯ ಟ್ಯಾಬ್ಲೆಟನ್ನು ಅಗ್ಗಕ್ಕೆ ಕೊಳ್ಳುವವನಿಗೆ, ಅಣ್ಣನಿಂದ ತಂಗಿಗೆ ದಾಟಿಸುವ ಮನೆಗೆ, ಸರಕಾರ ಕೊಟ್ಟದ್ದನ್ನೇ ಬಳಸುವ ವಿದ್ಯಾರ್ಥಿಗೆ ಅದೇ ದೊಡ್ಡ ಖರ್ಚು. 2021ರಲ್ಲಿ ಕರ್ನಾಟಕ ಸರಕಾರ ತನ್ನ ಕಾಲೇಜುಗಳ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚಿತ್ತು. ಇಂಥ ಯೋಜನೆಗಳಲ್ಲಿ ಬೆಲೆ, ಮೆಮೊರಿ ಎಲ್ಲವನ್ನೂ ಟೆಂಡರಿನಲ್ಲಿ ಕೇಳುತ್ತಾರೆ. ಐದು ವರ್ಷದ ನಂತರವೂ ಇದಕ್ಕೆ ಹೊಂದುವ ಪೆನ್ನು, ಬ್ಯಾಟರಿ ಸಿಗುತ್ತದೆಯೇ ಎಂದೂ ಕೇಳಬೇಕು. ಬರೆಯಲಾಗದೆ ಎಸೆದ ಪೆನ್ನು ಕೊನೆಗೆ ಸೇರುವುದು ಎಲೆಕ್ಟ್ರಾನಿಕ್ ಕಸದ ರಾಶಿಗೆ. ಅದನ್ನು ಬಿಡಿಸುವ ಗುಜರಿಯವರ ಕೈಗೆ ಅದರೊಳಗಿನ ಬ್ಯಾಟರಿ ಅಪಾಯಕಾರಿಯಾಗಬಹುದು.

ಮಾಡಬಹುದಾದದ್ದು

ತಯಾರಕರಿಂದ ನಾವು ಅಸಾಧ್ಯವಾದದ್ದನ್ನು ಕೇಳಬೇಕಿಲ್ಲ. ಎಲ್ಲ ಪೆನ್ನೂ ಎಲ್ಲ ಪರದೆಯ ಮೇಲೆ ಒಂದೇ ಸೊಗಸಿನಲ್ಲಿ ಬರೆಯಬೇಕಿಲ್ಲ. ಆದರೆ ಸಾದಾ ಗೆರೆಯನ್ನಾದರೂ ಎಲ್ಲದರ ಮೇಲೂ ಎಳೆಯಲು ಬರಬೇಕು. ಬ್ಯಾಟರಿ ಬದಲಾಯಿಸುವಂತಿರಬೇಕು. ಎಷ್ಟು ವರ್ಷ ಹೊಂದಿಕೆ ಉಳಿಯುತ್ತದೆ ಎಂಬುದನ್ನು ಪೆಟ್ಟಿಗೆಯ ಮೇಲೆ ಸ್ಪಷ್ಟವಾಗಿ, ಕನ್ನಡದಲ್ಲಿಯೂ ಬರೆದಿರಬೇಕು. ಹೊಂದಿಕೆ ಮುರಿಯಲೇಬೇಕಾದರೆ ಕಾರಣ ಹೇಳುವ ಹೊಣೆ ಮುರಿದವನದು. ಬೆಲೆ ತೆರುವ ಹೊಣೆಯನ್ನು ಮಾತ್ರ ಗಿರಾಕಿಗೆ ದಾಟಿಸುವುದು ನ್ಯಾಯವಲ್ಲ.

ಕೊಳ್ಳುವವರಿಗೂ ಒಂದಿಷ್ಟು ಕರ್ತವ್ಯವಿದೆ. ಅಂಗಡಿಯಲ್ಲಿ ಮೊದಲು ಟ್ಯಾಬ್ಲೆಟ್‌ನ ಮಾಡೆಲ್ ಸಂಖ್ಯೆಯನ್ನು ತೋರಿಸಿ, ಪೆನ್ನನ್ನು ಅದರ ಮೇಲೆ ಬರೆಸಿ ನೋಡಿ. ಬರಿಯ ಟಿಪ್ಪಣಿಗೆ ಸಾದಾ ಪೆನ್ನು ಸಾಕೇ ಎಂದು ಯೋಚಿಸಿ. ಬ್ಯಾಟರಿಯದಾದರೆ ತಿಂಗಳಿಗೊಮ್ಮೆಯಾದರೂ ಚಾರ್ಜ್ ಮಾಡಿ. ಇದು ಕೆಟ್ಟರೆ ಯಾರು ಸರಿಪಡಿಸುತ್ತಾರೆ, ಮುಂದಿನ ಟ್ಯಾಬ್ಲೆಟ್‌ಗೂ ಇದು ನಡೆಯುತ್ತದೆಯೇ ಎಂದು ಕೇಳಿ. ಅಂಗಡಿಯಾತನಿಗೆ ಉತ್ತರ ತಿಳಿಯದಿದ್ದರೂ ಕೇಳುವುದನ್ನು ಬಿಡಬೇಡಿ. ಬಳೆಯ ಅಳತೆ ಊರೂರಿಗೂ ಒಂದೇ ಆದದ್ದು ಒಂದೇ ದಿನದಲ್ಲಿ ಅಲ್ಲ. ಹೊಂದದ ಬಳೆಯನ್ನು ಕೈಯಿಂದ ತೆಗೆದು ವಾಪಸು ಕೊಟ್ಟ ಸಾವಿರಾರು ಹೆಂಗಸರ ಪಾಲೂ ಅದರಲ್ಲಿ ಇದ್ದಿರಲೇಬೇಕು.