ನಷ್ಟವೂ ಪುನರಾರಂಭವೂ

ಮನುಷ್ಯನು ಬಹುಕಾಲ ಶ್ರಮಿಸಿ ಕೂಡಿಸಿದ ವಸ್ತುವು ಕ್ಷಣಮಾತ್ರದಲ್ಲಿ ಇಲ್ಲದಂತಾದಾಗ ಅವನ ಮುಂದೆ ಎರಡು ಪ್ರಶ್ನೆಗಳು ಒಟ್ಟಿಗೆ ಬಂದು ನಿಲ್ಲುವುವು. ಕಳೆದುಹೋದುದು ಏನು ಎಂಬುದು ಮೊದಲನೆಯದು. ಮತ್ತೆ ತೊಡಗುವುದು ಯೋಗ್ಯವೆ ಎಂಬುದು ಎರಡನೆಯದು. ಲೋಕದಲ್ಲಿ ಜನರು ಎರಡನೆಯದಕ್ಕೇ ಅವಸರದಿಂದ ಉತ್ತರ ಹೇಳಿಬಿಡುವರು. "ಆದದ್ದಾಯಿತು, ಮತ್ತೆ ಮೊದಲು ಮಾಡು" ಎಂಬ ಸಮಾಧಾನವು ಎಲ್ಲರ ನಾಲಗೆಯ ತುದಿಯಲ್ಲಿಯೇ ಇರುವುದು. ಆದರೆ ಮೊದಲನೆಯ ಪ್ರಶ್ನೆಯನ್ನು ಬಿಡಿಸದೆ ಎರಡನೆಯದಕ್ಕೆ ಕೊಟ್ಟ ಉತ್ತರವು ತಳಹದಿಯಿಲ್ಲದ ಗೋಡೆಯಂತೆ ನಿಲ್ಲಲಾರದು. ದೊಡ್ಡ ನಷ್ಟಗಳಲ್ಲಿ ದುಃಖದ ಭಾರದಿಂದ ವಿಚಾರವು ಮಂಕಾಗುವುದರಿಂದ, ಒಂದು ಸಣ್ಣ ನಷ್ಟವನ್ನೇ ಎತ್ತಿಕೊಂಡು ಪರೀಕ್ಷಿಸುವುದು ಉಚಿತವಾಗಿ ತೋರುವುದು.

ಗಂಗಾವತಿಯ ಒಂದು ಮನೆಯಲ್ಲಿ ಹದಿಮೂರು ವರುಷದ ಬಾಲಿಕೆಯೊಬ್ಬಳು ಮೊಬೈಲಿನಲ್ಲಿ ಪ್ರಾಣಿಗಳನ್ನು ಸಾಕುವ ಆಟವೊಂದನ್ನು ಆಡುತ್ತಿದ್ದಳು. ಈ ಬಗೆಯ ಆಟಗಳ ಕ್ರಮವು ಹೀಗೆ: ಆಡುವವರಿಗೆ ಮೊದಲು ಸಾಮಾನ್ಯ ಬಣ್ಣದ ಒಂದೆರಡು ಜೋಡಿಗಳು ದೊರೆಯುತ್ತವೆ. ಅವುಗಳಿಗೆ ಹೊತ್ತುಹೊತ್ತಿಗೆ ಉಣಿಸಿ ಮರಿ ಮಾಡಿಸಿದರೆ, ತಾಯಿತಂದೆಗಳ ಗುಣಗಳು ಕೆಲವು ಮರಿಗಳಲ್ಲಿ ತೋರಿ, ಕೆಲವುಗಳಲ್ಲಿ ಅಡಗಿ, ಮುಂದಿನ ತಲೆಮಾರಿಗೆ ಇಳಿದುಬರುವುವು. ಬೇಕಾದ ಗುಣವುಳ್ಳ ಮರಿಗಳನ್ನು ಆರಿಸಿ ಮತ್ತೆ ಜೋಡಿಸುತ್ತ ಹೋದರೆ, ಹಲವು ತಲೆಮಾರುಗಳ ಮೇಲೆ ಅಪೂರ್ವವಾದ ಬಣ್ಣವೊಂದು ಕಾಣಿಸಿಕೊಳ್ಳುವುದು. ಈ ಬಾಲಿಕೆಯು ಎರಡು ವರುಷಗಳ ತಾಳ್ಮೆಯಿಂದ, ಬಿಳಿಯ ಮೈಯ ಮೇಲೆ ನೀಲಿಯ ಪಟ್ಟೆಯುಳ್ಳ ಬೆಕ್ಕುಗಳ ಕುಲವೊಂದನ್ನು ಸಾಧಿಸಿದ್ದಳು, ಪ್ರತಿಯೊಂದಕ್ಕೂ ಹೆಸರಿಟ್ಟಿದ್ದಳು. ಒಂದು ದಿನ ಮೊಬೈಲು ಕೆಟ್ಟಿತು. ದುರಸ್ತಿ ಮಾಡುವವನು ಅದನ್ನು ಕೊಂಡುತಂದ ದಿನದ ಸ್ಥಿತಿಗೆ ತಂದು ಕೊಟ್ಟನು. ಯಂತ್ರವು ಸರಿಹೋಯಿತು, ಬೆಕ್ಕುಗಳಲ್ಲಿ ಒಂದೂ ಉಳಿಯಲಿಲ್ಲ.

ಬಾಲಿಕೆಯು ಆ ರಾತ್ರಿ ಉಣ್ಣಲಿಲ್ಲ. ಅಜ್ಜನು, "ಇಲ್ಲದ ಬೆಕ್ಕಿಗೆ ಯಾಕ ಅಳತಿ ತಂಗೀ? ನಾಳೆ ಮತ್ತ ಮೊದಲ ಮಾಡು, ಬರ್ತಾವ" ಎಂದು ಸಂತೈಸಿದನು. ಅವಳು, "ಬ್ಯಾರೆ ಬರ್ತಾವ ಅಜ್ಜಾ, ಅವ ಬರಂಗಿಲ್ಲ" ಎಂದಳು.

ಅಜ್ಜನ ಮಾತಿನಲ್ಲಿ ಎರಡು ವಾದಗಳು ಅಡಕವಾಗಿವೆ. ಇಲ್ಲದುದಕ್ಕಾಗಿ ಅಳಬಾರದೆಂಬುದು ಒಂದು. ಹೋದುದು ಮರಳಿ ಬರುವುದೆಂಬುದು ಇನ್ನೊಂದು. ಇವೆರಡೂ ಒಂದಕ್ಕೊಂದು ಹೊಂದುವುದಿಲ್ಲವೆಂಬುದನ್ನು ಅವನು ಗಮನಿಸಿದಂತಿಲ್ಲ. ಮೊದಲೇ ಇಲ್ಲದುದು ಮರಳಿ ಬರುವ ಬಗೆ ಹೇಗೆ? ಆದರೂ ಪ್ರೀತಿಯಿಂದ ಆಡಿದ ಮಾತಾದುದರಿಂದ ಎರಡನ್ನೂ ಬೇರೆಬೇರೆಯಾಗಿ ವಿಚಾರಿಸತಕ್ಕದ್ದು.

ಇಂತಹ ಶೋಕವು ಈ ಒಬ್ಬ ಬಾಲಿಕೆಯದೇ ಅಲ್ಲ. 1996ರಲ್ಲಿ ಜಪಾನಿನ ಬಂದಾಯಿ ಎಂಬ ಕಂಪನಿಯು 'ತಮಗೋಚಿ' ಎಂಬ ಆಟಿಕೆಯನ್ನು ಹೊರತಂದಿತು. ಅಂಗೈಯಲ್ಲಿ ಅಡಗುವ, ಮೊಟ್ಟೆಯ ಆಕಾರದ ಆ ಯಂತ್ರದ ಪುಟ್ಟ ತೆರೆಯ ಮೇಲೆ ಮರಿಯೊಂದು ಕಾಣಿಸಿಕೊಳ್ಳುತ್ತಿತ್ತು. ಕಾಲಕಾಲಕ್ಕೆ ಗುಂಡಿಯೊತ್ತಿ ಉಣಿಸದಿದ್ದರೆ ಅದು ಸಾಯುತ್ತಿತ್ತು. ಕೋಟಿಗಟ್ಟಲೆ ಮಾರಾಟವಾದ ಆ ಆಟಿಕೆಯು ಅನೇಕ ದೇಶಗಳ ಮಕ್ಕಳನ್ನು ಅಳಿಸಿತು. ಅದೇ ದೇಶದ ಸೋನಿ ಕಂಪನಿಯು 1999ರಲ್ಲಿ 'ಐಬೋ' ಎಂಬ ಯಂತ್ರದ ನಾಯಿಯನ್ನು ಮಾಡಿ, 2006ರಲ್ಲಿ ಅದರ ತಯಾರಿಕೆಯನ್ನೂ 2014ರಲ್ಲಿ ದುರಸ್ತಿಯನ್ನೂ ನಿಲ್ಲಿಸಿತು. ಆಗ ವೃದ್ಧರಾದ ಅನೇಕ ಯಜಮಾನರು ತಮ್ಮ ನಾಯಿಗಳನ್ನು ಇಸುಮಿ ಎಂಬ ಊರಿನ ಕೋಫುಕುಜಿ ಎಂಬ ಬೌದ್ಧ ದೇವಾಲಯಕ್ಕೆ ಕಳುಹಿಸಿ ಉತ್ತರಕ್ರಿಯೆ ಮಾಡಿಸಿದರು. ಅದಾದ ಮೇಲೆ ಆ ನಾಯಿಗಳ ಅವಯವಗಳನ್ನು ಇತರ ನಾಯಿಗಳ ದುರಸ್ತಿಗೆ ಬಳಸಿದರು.

ಇದನ್ನು ಕೇಳಿ ನಗುವುದು ಸುಲಭ. ಆದರೆ ನಗುವವನು ಒಂದನ್ನು ಯೋಚಿಸಬೇಕು. ಬಿಸಿಲ್ಗುದುರೆಯ ನೀರು ಸುಳ್ಳಾದರೂ ಅದರ ಹಿಂದೆ ಓಡಿದವನ ಬಾಯಾರಿಕೆಯು ಸುಳ್ಳಲ್ಲ. ಬೆಕ್ಕು ಇರಲಿಲ್ಲ, ನಿಜ. ಆದರೆ ಬೆಕ್ಕಿಗೆ ಉಣಿಸಬೇಕೆಂದು ಬೆಳಗಿನಲ್ಲಿ ಎದ್ದವಳು ಇದ್ದಳು. ಅವಳ ಎಚ್ಚರ, ತಾಳ್ಮೆ, ಆಯ್ಕೆ, ಮಮತೆ ಇವೆಲ್ಲ ನಿಜವಾಗಿಯೇ ವ್ಯಯವಾದುವು. ಶೋಕದ ವಿಷಯವು ಮಿಥ್ಯೆಯಾಗಿರಬಹುದು, ಶೋಕದ ಆಶ್ರಯವು ಮಿಥ್ಯೆಯಲ್ಲ. ಅಲ್ಲದೆ, ವಿಷಯವು ಸತ್ಯವಾಗಿದ್ದ ಮಾತ್ರಕ್ಕೆ ಮಮತೆಯು ನಿರ್ದುಷ್ಟವಾಗುವುದೆಂದೂ ಹೇಳಬರುವಂತಿಲ್ಲ. ಭಾಗವತದ ಭರತಮಹಾರಾಜನು ರಾಜ್ಯವನ್ನೇ ತೊರೆದು ತಪಸ್ಸಿಗೆ ನಿಂತವನು, ತಾಯಿಯನ್ನು ಕಳೆದುಕೊಂಡ ಜಿಂಕೆಯ ಮರಿಯೊಂದನ್ನು ಕರುಣೆಯಿಂದ ಎತ್ತಿ ಸಾಕಿದನು. ಅಂತ್ಯಕಾಲದಲ್ಲಿಯೂ ಅದನ್ನೇ ನೆನೆದು ಜಿಂಕೆಯಾಗಿ ಹುಟ್ಟಿದನು. ಆ ಜಿಂಕೆಯು ಆಟಿಕೆಯಾಗಿರಲಿಲ್ಲ, ರಕ್ತಮಾಂಸಗಳ ಜೀವವಾಗಿತ್ತು. ಅವನ ಕರುಣೆಯಲ್ಲಿಯೂ ದೋಷವಿರಲಿಲ್ಲ. ಉಳಿದುದೆಲ್ಲವನ್ನೂ ಮರೆಯುವಷ್ಟು ಅದರಲ್ಲಿ ಮುಳುಗಿದುದು ದೋಷವಾಯಿತು. ಆದುದರಿಂದ ಸಾಕಿದುದು ಸಜೀವವೊ ನಿರ್ಜೀವವೊ ಎಂಬುದೊಂದರಿಂದಲೇ ಶೋಕದ ಯೋಗ್ಯಾಯೋಗ್ಯತೆಯು ತೀರ್ಮಾನವಾಗಲಾರದು.

ಇನ್ನು ಎರಡನೆಯ ವಾದ: ಹೋದುದು ಮರಳಿ ಬರುವುದೆ? ಇಲ್ಲಿ ತರ್ಕಶಾಸ್ತ್ರದ ಒಂದು ವಿಭಾಗವು ಬಹಳ ಸಹಾಯಕವಾಗುವುದು. ಅಭಾವವೆಂದರೆ ಬರಿಯ 'ಇಲ್ಲ' ಎಂಬುದಲ್ಲ, ಅದರಲ್ಲಿ ಭೇದಗಳುಂಟು. ಮಡಕೆಯು ಹುಟ್ಟುವ ಮೊದಲು ಮಣ್ಣಿನಲ್ಲಿ ಇದ್ದ ಮಡಕೆಯ ಅಭಾವವು ಪ್ರಾಗಭಾವ. ಇದಕ್ಕೆ ಆದಿಯಿಲ್ಲ, ಅಂತವುಂಟು. ಮಡಕೆಯು ಹುಟ್ಟಿದೊಡನೆ ಅದು ಮುಗಿಯುವುದು. ಮಡಕೆಯು ಒಡೆದ ಮೇಲಿನ ಅಭಾವವು ಪ್ರಧ್ವಂಸಾಭಾವ. ಇದಕ್ಕೆ ಆದಿಯುಂಟು, ಅಂತವಿಲ್ಲ. ಕುಂಬಾರನು ಅದೇ ಮಣ್ಣಿನಿಂದ, ಅದೇ ತಿಗರಿಯಲ್ಲಿ, ಅದೇ ಅಳತೆಯ ಇನ್ನೊಂದು ಮಡಕೆಯನ್ನು ಮಾಡಿದರೂ ಒಡೆದ ಮಡಕೆಯ ಅಭಾವವು ತೊಲಗುವುದಿಲ್ಲ. ಅವನು ತೊಲಗಿಸಿದುದು ಬೇರೊಂದು ಮಡಕೆಯ ಪ್ರಾಗಭಾವವನ್ನು. "ಬ್ಯಾರೆ ಬರ್ತಾವ, ಅವ ಬರಂಗಿಲ್ಲ" ಎಂದ ಬಾಲಿಕೆಯು ತರ್ಕಸಂಗ್ರಹವನ್ನು ಓದಿದವಳಲ್ಲ. ಆದರೂ ಅಜ್ಜನಿಗಿಂತ ಅವಳ ಮಾತೇ ಶಾಸ್ತ್ರಕ್ಕೆ ಹತ್ತಿರವಾಗಿದೆ.

ಇದರಿಂದ ಪುನರಾರಂಭದ ನಿಜಸ್ವರೂಪವು ತಿಳಿಯಬರುವುದು. ಮತ್ತೆ ತೊಡಗುವವನು ನಷ್ಟವನ್ನು ಅಳಿಸುವುದಿಲ್ಲ. ಅಳಿಸುತ್ತೇನೆಂದು ತೊಡಗಿದರೆ ಹೆಜ್ಜೆಹೆಜ್ಜೆಗೂ ಹಳೆಯದನ್ನು ಹೊಸತರಲ್ಲಿ ಹುಡುಕಿ ನಿರಾಶನಾಗುವನು. ಹಾಗಾದರೆ ಮತ್ತೆ ತೊಡಗುವುದಕ್ಕೆ ಅವನಲ್ಲಿ ಬಂಡವಾಳವೇನು? ಕಳೆದುದನ್ನು ಬಿಡಿಸಿ ನೋಡಿದರೆ ಮೂರು ಅಂಶಗಳು ಕಾಣುವುವು. ಮಾಡಿದ ವಸ್ತು ಒಂದು, ಮಾಡುವುದರಲ್ಲಿ ಸಂದ ಕಾಲ ಒಂದು, ಮಾಡುತ್ತ ಮಾಡುತ್ತ ಕೈಗೂ ಬುದ್ಧಿಗೂ ಬಂದ ಸಂಸ್ಕಾರ ಒಂದು. ವಸ್ತುವು ಹೋಯಿತು. ಕಾಲವು ವಸ್ತು ಉಳಿದಿದ್ದರೂ ಹೋಗಿಯೇ ಇರುತ್ತಿತ್ತು. ಅದನ್ನು ನಷ್ಟದ ಲೆಕ್ಕದಲ್ಲಿ ಸೇರಿಸುವುದು ಅನ್ಯಾಯ. ಸಂಸ್ಕಾರವು ಹೋಗಲೇ ಇಲ್ಲ. ಯಾವ ಜೋಡಿಯಿಂದ ಯಾವ ಬಣ್ಣವು ಬರುವುದೆಂಬ ಅರಿವು ಯಂತ್ರದಲ್ಲಿ ಇರಲಿಲ್ಲ, ಬಾಲಿಕೆಯಲ್ಲಿ ಇತ್ತು. ಮೊದಲ ಸಲ ಎರಡು ವರುಷ ಹಿಡಿದುದು ಎರಡನೆಯ ಸಲ ಕೆಲವೇ ತಿಂಗಳು ಹಿಡಿದೀತು.

ಆಟದ ಮಾತನ್ನು ಬಿಟ್ಟು ನಾಡಿನ ಚರಿತ್ರೆಯನ್ನು ನೋಡಿದರೂ ಇದೇ ನ್ಯಾಯವು ಕಾಣುವುದು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ'ಯೆಂದು ಹೆಸರಾಗಿ, ಟಿಪ್ಪು ಸುಲ್ತಾನನ ಕಾಲದಲ್ಲಿ 'ಅಮೃತಮಹಲ್' ಎನಿಸಿದ ಅರಸು ಗೋಸಂಪತ್ತು 1799ರಲ್ಲಿ ಇಂಗ್ಲಿಷರ ಕೈಸೇರಿತು. ಅನೇಕ ತಲೆಮಾರುಗಳ ಆಯ್ಕೆಯಿಂದ ಬಂದ, ಸೈನ್ಯದ ಭಾರವನ್ನು ವೇಗದಿಂದ ಎಳೆಯಬಲ್ಲ ಆ ತಳಿಯನ್ನು 1860ರಲ್ಲಿ ಖರ್ಚು ಉಳಿಸುವ ನೆವದಿಂದ ಸರಕಾರವು ಮಾರಿಬಿಟ್ಟಿತು; ಕೊಂಡವರಲ್ಲಿ ಈಜಿಪ್ಟಿನ ಪಾಷಾನೂ ಇದ್ದನು. ಎತ್ತುಗಳ ಅಭಾವವು ಬಾಧಿಸತೊಡಗಿದಾಗ ಮಾಡಿದ ತಪ್ಪು ತಿಳಿದು, 1866ರಲ್ಲಿ ಮಂದೆಯನ್ನು ಮತ್ತೆ ಕಟ್ಟಬೇಕಾಯಿತು. ಕಟ್ಟಲು ಸಾಧ್ಯವಾದುದು ಏತರಿಂದ? ಈ ತಳಿಗೆ ಮೂಲವಾದ ಹಳ್ಳಿಕಾರ, ಹಾಗಲವಾಡಿ, ಚಿತ್ರದುರ್ಗದ ರಾಸುಗಳ ವಂಶವು ನಾಡಿನಲ್ಲಿ ಅಳಿದಿರಲಿಲ್ಲ. ರಾಸುಗಳ ಗುಣವನ್ನು ಕಣ್ಣಳತೆಯಿಂದಲೇ ಹೇಳಬಲ್ಲ ಗೋಪಾಲಕರ ವಿದ್ಯೆಯೂ ಅಳಿದಿರಲಿಲ್ಲ. ಮಂದೆಯು ಚದುರಿತ್ತು, ಬೀಜವೂ ವಿದ್ಯೆಯೂ ಉಳಿದಿದ್ದುವು. ಇಂದಿಗೂ ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿ ಆ ತಳಿಯ ಸಂವರ್ಧನ ಕೇಂದ್ರವುಂಟು.

ಆದರೆ ಇಲ್ಲಿ ಒಂದು ಆಕ್ಷೇಪವು ಏಳುವುದು. ಕಳೆದುದರ ಸ್ಥಳದಲ್ಲಿ ಇನ್ನೊಂದನ್ನು ತಂದು ನಿಲ್ಲಿಸುವುದು ಕೃತಘ್ನತೆಯಲ್ಲವೆ? ಬದಲಿಯಿಂದ ತೃಪ್ತಿಯಾಗುವುದಾದರೆ ಮೊದಲಿನದರ ಮೇಲಿದ್ದುದು ಪ್ರೀತಿಯೆ? ಈ ಆಕ್ಷೇಪದಲ್ಲಿ ಸತ್ಯವುಂಟು, ಅದನ್ನು ತಳ್ಳಿಹಾಕಬಾರದು. 1866ರಲ್ಲಿ ಮಂದೆಯು ಮರಳಿತೆಂದು ಹೇಳಬಹುದು; 1860ರಲ್ಲಿ ಹಡಗು ಹತ್ತಿದ ಒಂದೊಂದು ಹಸುವೂ ಮರಳಲಿಲ್ಲ. ಮಂದೆಗೆ ಬದಲಿಯುಂಟು, ಹಸುವಿಗೆ ಬದಲಿಯಿಲ್ಲ. ಇನ್ನು ಮನುಷ್ಯರ ವಿಷಯವನ್ನು ಹೇಳುವುದೇನು? ಮಗುವನ್ನು ಕಳೆದುಕೊಂಡ ತಾಯಿಗೆ ಇನ್ನೊಂದು ಮಗುವಾದೀತೆಂದು ಸಮಾಧಾನ ಹೇಳುವವನು ತಾಯಿಯನ್ನೂ ಅರಿಯನು, ಮಗುವನ್ನೂ ಅರಿಯನು. ಎಲ್ಲವನ್ನೂ ಮೊದಲಿನಿಂದ ಆಡಬಹುದೆಂದು ಕಲಿಸುವ ಆಟಗಳಲ್ಲಿ ಇರುವ ನಿಜವಾದ ಅಪಾಯವು ಇದೇ. ಗುಂಡಿಯೊತ್ತಿದರೆ ಹೊಸ ಜೀವ ಬರುವುದೆಂಬ ಅಭ್ಯಾಸವು ಬಾಲ್ಯದಲ್ಲಿ ಬೇರೂರಿದರೆ, ಮುಂದೆ ಸ್ನೇಹವನ್ನೂ ದಾಂಪತ್ಯವನ್ನೂ ಅದೇ ಕಣ್ಣಿನಿಂದ ನೋಡುವ ಬುದ್ಧಿ ಬಂದೀತು. ಆದುದರಿಂದ ಬಾಲಿಕೆಯು ಅತ್ತುದು ಚಿಂತೆಗೆ ಕಾರಣವಲ್ಲ. ಅಳದೆ ಮರುಕ್ಷಣವೇ ಗುಂಡಿಯೊತ್ತಿದ್ದರೆ ಹಿರಿಯರು ಚಿಂತಿಸಬೇಕಾಗಿತ್ತು.

ಅಂತೆಯೇ ಅಳುತ್ತಲೇ ಕುಳಿತಿರುವುದೂ ಸತ್ಯನಿಷ್ಠೆಯಲ್ಲ. ಗಂಗಾವತಿಯ ಭತ್ತದ ರೈತರು ಇದನ್ನು ಈಚೆಗೆ ತೋರಿಸಿಕೊಟ್ಟಿದ್ದಾರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ತೂಬುಬಾಗಿಲುಗಳಲ್ಲಿ 19ನೆಯದು ಸರಪಳಿ ಹರಿದು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ಕಣ್ಣೆದುರಿನಲ್ಲಿಯೇ ಹರಿದುಹೋಗುತ್ತಿರಲು, ಎಡದಂಡೆ ಕಾಲುವೆಯನ್ನು ನಂಬಿ ನಾಟಿ ಮಾಡಿದವರ ಎದೆಯು ಒಡೆದಿತ್ತು. ಹೊಸ ತಡೆಹಲಗೆಗಳನ್ನು ಉಕ್ಕಿನಿಂದ ಮಾಡಿಸಿ, ಹರಿಯುವ ನೀರಿನಲ್ಲಿಯೇ ಒಂದರ ಮೇಲೊಂದು ಇಳಿಸಿ, ಸುಮಾರು ಒಂದು ವಾರದೊಳಗೆ ಆ ದ್ವಾರವನ್ನು ಮುಚ್ಚಿದರು. ಮುಂದಿನ ಮಳೆಗಳಿಂದ ಜಲಾಶಯವು ಮತ್ತೆ ತುಂಬಿಬಂದಿತು. ಬಂದ ನೀರು ಹೋದ ನೀರಲ್ಲ. ಹೋದ ನೀರು ಕೃಷ್ಣೆಯನ್ನು ಸೇರಿ ಮುಂದೆ ನಡೆದಿತ್ತು. ಆದರೂ ಪೈರಿನ ಬೇರಿಗೆ ಬೇಕಾದುದು ನೀರೇ ಹೊರತು ಅದೇ ನೀರಲ್ಲ. ಪಾತ್ರೆಯು ಸರಿಯಾಗಿದ್ದರೆ ಹೊಸದು ಬಂದು ತುಂಬುವುದು; ಪಾತ್ರೆಯನ್ನು ಸರಿಪಡಿಸುವುದಷ್ಟೇ ಮನುಷ್ಯನ ಭಾಗದ ಕರ್ತವ್ಯ.

ಈ ಕರ್ತವ್ಯಕ್ಕೆ ಇನ್ನೊಂದು ಮುಖವುಂಟು. ಒಂದು ಸಲ ಕಳೆದುಕೊಂಡವನು ಎರಡನೆಯ ಸಲ ಅಜಾಗರೂಕನಾಗಿದ್ದರೆ ಅದನ್ನು ವಿಧಿಯೆನ್ನಲಾಗದು. ನಮ್ಮ ಹಿರಿಯರು ತಾಳೆಗರಿಯು ಹುಳಕ್ಕೂ ಬೆಂಕಿಗೂ ಈಡೆಂದು ಬಲ್ಲವರಾಗಿ, ಒಂದೇ ಗ್ರಂಥವನ್ನು ಪ್ರತಿಮಾಡಿ ಮನೆಮನೆಗಳಲ್ಲಿಯೂ ಮಠಗಳಲ್ಲಿಯೂ ಇರಿಸಿದರು. ಫ. ಗು. ಹಳಕಟ್ಟಿಯವರು ಶರಣರ ವಚನಗಳನ್ನು ಅಂತಹ ಓಲೆಗಳಿಂದ ಕೂಡಿಸಿ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಲು ಸಾಧ್ಯವಾದುದು, ಹೆಸರಿಲ್ಲದ ಎಷ್ಟೋ ಲಿಪಿಕಾರರು ಪ್ರತಿಮಾಡುವ ಬೇಸರವನ್ನು ಸಹಿಸಿದುದರಿಂದ. ಪ್ರತಿಯಿಲ್ಲದ ಸಂಗ್ರಹವು ಒಂದೇ ದಾರಕ್ಕೆ ತೂಗುಹಾಕಿದ ಹಾರೆಯಂತೆ.

ಮಾಡಿದ ಕರ್ಮವು ಫಲವಿಲ್ಲದೆ ನಾಶವಾಗುವುದಾದರೆ ಅದಕ್ಕೆ ಕೃತನಾಶವೆಂದು ಹೆಸರು. ನಮ್ಮ ದಾರ್ಶನಿಕರು ಅದನ್ನು ಒಂದು ದೋಷವೆಂದೇ ಎಣಿಸಿರುವರು. ಸಾಧನೆಯ ನಡುದಾರಿಯಲ್ಲಿ ಬಿದ್ದವನ ಗತಿಯೇನೆಂದು ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನು ಕೇಳುವನು. ಅವನು ಹಿಂದಿನ ಜನ್ಮದ ಬುದ್ಧಿಸಂಸ್ಕಾರವನ್ನು ಪಡೆದು ಮುಂದುವರಿಯುವನೆಂಬುದು ಅಲ್ಲಿ ದೊರೆಯುವ ಉತ್ತರದ ತಾತ್ಪರ್ಯ. ಜಿಂಕೆಯಾದ ಭರತನೂ ಹಿಂದಿನ ಅರಿವನ್ನು ಕಳೆದುಕೊಳ್ಳದೆ, ಮುಂದಿನ ಜನ್ಮದಲ್ಲಿ ಜಡಭರತನಾಗಿ ಕೃತಾರ್ಥನಾದನು. ಹೊಸ ದೇಹದಿಂದ ತೊಡಗಬೇಕಾಯಿತು, ಶೂನ್ಯದಿಂದ ತೊಡಗಬೇಕಾಗಲಿಲ್ಲ. ಜನ್ಮಾಂತರಕ್ಕೆ ಹೇಳಿದ ಈ ಮಾತು ಒಂದೇ ಜನ್ಮದ ಸಣ್ಣಪುಟ್ಟ ಪುನರಾರಂಭಗಳಿಗೂ ಸಲ್ಲುವುದೆನ್ನಲು ಅಡ್ಡಿಯಿಲ್ಲ.

ಆ ಬಾಲಿಕೆಯು ತಿಂಗಳೊಪ್ಪತ್ತು ಆ ಆಟವನ್ನು ಮುಟ್ಟಲಿಲ್ಲ. ಅನಂತರ ಒಂದು ದಿನ ತಾನಾಗಿಯೇ ಮತ್ತೆ ಎರಡು ಸಾಮಾನ್ಯ ಬೆಕ್ಕುಗಳಿಂದ ಮೊದಲು ಮಾಡಿದಳು. ಈ ಸಲ ಶಾಲೆಯ ಹಳೆಯ ನೋಟುಬುಕ್ಕಿನ ಹಿಂಬದಿಯಲ್ಲಿ ತಾಯಿ, ತಂದೆ, ಮರಿ ಎಂದು ವಂಶಾವಳಿಯನ್ನು ಬರೆದಿಡತೊಡಗಿದಳು. ಅದೇ ನೋಟುಬುಕ್ಕಿನ ಮೊದಲ ಹಾಳೆಯಲ್ಲಿ, ಹೋದ ಬೆಕ್ಕುಗಳ ಹೆಸರುಗಳನ್ನು ನೆನಪಿದ್ದಷ್ಟು ಬರೆದಳು. ಅಜ್ಜನು ಕನ್ನಡಕವೇರಿಸಿ ಅದನ್ನು ನೋಡಿ, "ಆ ಹೆಸರ ಇವಕ್ಕ ಇಡಬಾರದೇನವ್ವಾ?" ಎಂದು ಕೇಳಿದನು. ಅವಳು, "ಅವು ಅವರವು ಅಜ್ಜಾ, ಇವಕ್ಕ ಬ್ಯಾರೆ ಇಡ್ತೀನಿ" ಎಂದಳು. ಅಜ್ಜನು ಮತ್ತೇನನ್ನೂ ಹೇಳದೆ, ಹೊಸ ಹೆಸರೊಂದನ್ನು ಯೋಚಿಸತೊಡಗಿದನು.