ನಡೆದು ತಲುಪುವಷ್ಟು ದೂರ

ಟೊರಾಂಟೊಗೆ ಬೆಚ್ಚನೆಯ ಊರುಗಳಿಂದ ವಲಸೆ ಬರುವ ಸಂಪ್ರದಾಯಸ್ಥ ಯೆಹೂದಿ ಕುಟುಂಬ ಬಡಾವಣೆ ಆರಿಸುವಾಗ ಬಾಡಿಗೆಯಷ್ಟೇ ಮುಖ್ಯವಾಗಿ ನೋಡುವುದು ಸಿನಗಾಗ್, ಅಂದರೆ ಪ್ರಾರ್ಥನಾ ಮಂದಿರ, ಕಾಲ್ನಡಿಗೆಯ ದೂರದಲ್ಲಿದೆಯೇ ಎಂಬುದನ್ನು. ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗಿನ ಸಬ್ಬತ್ ಎಂಬ ವಿಶ್ರಾಂತಿ ದಿನದಲ್ಲಿ 39 ಬಗೆಯ ಕೆಲಸಗಳು ನಿಷಿದ್ಧ. ಎಂಜಿನ್ ಚಾಲೂ ಮಾಡುವುದು ಬೆಂಕಿ ಹೊತ್ತಿಸಿದಂತೆ, ಆದ್ದರಿಂದ ಕಾರಿಲ್ಲ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ 5ಕ್ಕೆ ಮೊದಲೇ ಹೊತ್ತು ಮುಳುಗುತ್ತದೆ. ಕಚೇರಿ ದೂರವಿದ್ದರೆ ಶುಕ್ರವಾರ ಮಧ್ಯಾಹ್ನವೇ ಹೊರಡಬೇಕು. ಬ್ಯಾಥರ್ಸ್ಟ್ ರಸ್ತೆಯುದ್ದಕ್ಕೂ, ಉತ್ತರದ ಥಾರ್ನ್‌ಹಿಲ್‌ವರೆಗೆ, ಯೆಹೂದಿ ವಸತಿ ಹಬ್ಬಿರುವುದರ ಹಿಂದೆ ಈ ಲೆಕ್ಕವೂ ಇದೆ.

ಮನೆಯಿಂದ ಬೀದಿಗೆ ವಸ್ತು ಒಯ್ಯುವುದೂ ನಿಷಿದ್ಧವೇ, ಮಗುವಿನ ತಳ್ಳುಗಾಡಿಯೂ ಸೇರಿ. ಪರಿಹಾರ ಎರುವ್: ಕಂಬ, ತಂತಿ, ಬೇಲಿಗಳಿಂದ ಬಡಾವಣೆಯನ್ನು ಸುತ್ತುವರಿದು ಒಂದೇ ಮನೆಯಂಗಳವೆಂದು ಭಾವಿಸುವ ಏರ್ಪಾಡು. ಹಿಮಗಾಳಿಗೆ ತಂತಿ ಹರಿದರೆ ಅಂಗಳವೂ ಇಲ್ಲ. ಹೊರಗಿನವರಿಗೆ ಇದು ಜಾಣ ಒಳದಾರಿಯಂತೆ ಕಂಡೀತು. ವಾರವಾರ ತಂತಿ ಪರೀಕ್ಷಿಸುವವರ ಶ್ರಮ ನೋಡಿದರೆ ಹಾಗೆನ್ನುವುದು ಕಷ್ಟ.

ನಿಯಮ ಮನುಷ್ಯನ ಹಿಂದೆ ಹೋಗಬೇಕೋ, ಮನುಷ್ಯ ನಿಯಮದ ಬಳಿ ನೆಲೆಸಬೇಕೋ? 1950ರಲ್ಲಿ ಅಮೆರಿಕದ ಕನ್ಸರ್ವೇಟಿವ್ ಯೆಹೂದಿ ಪಂಥದ ಧರ್ಮಶಾಸ್ತ್ರ ಸಮಿತಿ, ಉಪನಗರಗಳಿಗೆ ಚದುರಿದವರು ಪ್ರಾರ್ಥನೆಗಾಗಿ ಕಾರಿನಲ್ಲಿ ಬರಬಹುದೆಂದಿತು. ಸಂಪ್ರದಾಯಸ್ಥರ ಆರ್ಥಡಾಕ್ಸ್ ಪಂಥ ಒಪ್ಪಲಿಲ್ಲ. ಅನುಮತಿ ಸಿಕ್ಕಷ್ಟೂ ಮನೆಗಳು ದೂರವಾಗಿ ನೆರೆಹೊರೆ ಕರಗುತ್ತದೆ ಎಂಬುದು ಆ ಕಡೆಯ ಆಕ್ಷೇಪಗಳಲ್ಲೊಂದು.