ದೂರವಿದ್ದವನ ಪಾಲು

ಮಾಡುವುದು, ಮಾಡಿಸುವುದು, ಮಾಡಿದುದನ್ನು ಮೆಚ್ಚುವುದು ಎಂಬ ಮೂರನ್ನೂ ನಮ್ಮ ಪೂರ್ವಾಚಾರ್ಯರು ಒಂದೇ ಸಾಲಿನಲ್ಲಿಟ್ಟರು. ಕೃತ, ಕಾರಿತ, ಅನುಮೋದಿತ ಎಂಬ ಈ ವಿಭಾಗ ಪಾಠಶಾಲೆಯ ಮಕ್ಕಳಿಗೂ ಬಾಯಿಪಾಠ. ಆದರೂ ಮೂರನೆಯದರ ವಿಷಯದಲ್ಲಿ ನಮ್ಮ ಮನದೊಳಗೆ ಒಂದು ಸಂಶಯ ಉಳಿದೇ ಇರುತ್ತದೆ. ಎಲ್ಲೋ ದೂರದಲ್ಲಿ ಕುಳಿತು ನೋಡಿ ನಕ್ಕವನಿಗೆ ಆ ಕೃತ್ಯದಲ್ಲಿ ಪಾಲು ಹೇಗೆ ಬಂದೀತು? ಅಮೆರಿಕದ ಒಂದು ಕಲಾಕೃತಿಯ ವೃತ್ತಾಂತ ಈ ಸಂಶಯವನ್ನು ಪರೀಕ್ಷಿಸಲು ನೆರವಾಗುತ್ತದೆ.

2017ರ ಜನವರಿ 20ರಂದು ಡೊನಾಲ್ಡ್ ಟ್ರಂಪ್ ಅಲ್ಲಿನ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದರು. ಅದೇ ದಿನ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ದಿ ಮೂವಿಂಗ್ ಇಮೇಜ್ ಎಂಬ ಸಂಗ್ರಹಾಲಯದ ಹೊರಗೋಡೆಯಲ್ಲಿ ಒಂದು ಕ್ಯಾಮೆರಾ ಕೆಲಸ ಆರಂಭಿಸಿತು. ನಟ ಶೈಯಾ ಲಬಫ್ ಮತ್ತು ಅವರ ಇಬ್ಬರು ಕಲಾವಿದ ಸಂಗಡಿಗರು ಅದನ್ನು ಸ್ಥಾಪಿಸಿದ್ದರು. ‘ಅವನು ನಮ್ಮನ್ನು ಒಡೆಯಲಾರ’ ಎಂಬರ್ಥದ ವಾಕ್ಯವನ್ನು ಯಾರು ಬೇಕಾದರೂ ಬಂದು ಅದರ ಮುಂದೆ ಹೇಳಬಹುದಿತ್ತು. ಅದು ಹಗಲಿರುಳೂ ಅಂತರ್ಜಾಲದಲ್ಲಿ ಪ್ರಸಾರವಾಗುತ್ತಿತ್ತು. ನಾಲ್ಕು ವರ್ಷ ನಡೆಸಬೇಕೆಂಬುದು ಸಂಕಲ್ಪ. ಆದರೆ ಅಂತರ್ಜಾಲದಲ್ಲಿ ಹೆಸರು ಮರೆಸಿಕೊಂಡು ಆಡುತ್ತಿದ್ದ ಜಗಳ ಬಹುಬೇಗ ಆ ಗೋಡೆಯ ಮುಂದೆಯೇ ಬಂದು ನಿಂತಿತು. ಸಾರ್ವಜನಿಕ ಸುರಕ್ಷತೆಯ ಕಾರಣದಿಂದ ಫೆಬ್ರವರಿ 10ರಂದು ಸಂಗ್ರಹಾಲಯ ಅದನ್ನು ನಿಲ್ಲಿಸಿತು. ಬಳಿಕ ಆಲ್ಬುಕರ್ಕಿ ನಗರಕ್ಕೆ ಒಯ್ದಾಗ, ಸಮೀಪದಲ್ಲಿ ಗುಂಡಿನ ಸದ್ದು ಕೇಳಿಬಂದಿತೆಂದು ಅಲ್ಲಿಯೂ ನಿಲ್ಲಿಸಬೇಕಾಯಿತು.

ಮಾರ್ಚ್ 8ರಂದು ಕಲಾವಿದರು ಆ ವಾಕ್ಯವನ್ನು ಬಿಳಿಯ ಬಾವುಟದ ಮೇಲೆ ಬರೆಸಿ, ಯಾರಿಗೂ ತಿಳಿಸದ ಸ್ಥಳವೊಂದರಲ್ಲಿ ಹಾರಿಸಿದರು. ನೋಡುಗರಿಗೆ ಕಾಣುತ್ತಿದ್ದುದು ಬಾವುಟ ಮತ್ತು ಆಕಾಶ ಮಾತ್ರ. ವಿರೋಧಿಗಳಲ್ಲಿ ಕೆಲವರು ವಿಮಾನಗಳು ಬಿಟ್ಟುಹೋದ ಬಿಳಿಗೆರೆಗಳನ್ನು ವಿಮಾನಮಾರ್ಗಗಳೊಡನೆ ಹೋಲಿಸಿದರು. ಕೆಲವರು ರಾತ್ರಿಯ ನಕ್ಷತ್ರಗಳನ್ನು ಗುರುತಿಸಿದರು. ಒಬ್ಬನು ಕಾರಿನ ಹಾರ್ನ್ ಬಾರಿಸುತ್ತ ಸುತ್ತಾಡಿದನು. ಪ್ರಸಾರದಲ್ಲಿ ಆ ಸದ್ದು ಕೇಳಿಸಿತು. ಎರಡು ದಿನಗಳೊಳಗೆ ಟೆನೆಸ್ಸಿ ರಾಜ್ಯದ ಗ್ರೀನ್‌ವಿಲ್‌ನಲ್ಲಿದ್ದ ಬಾವುಟ ಕಾಣೆಯಾಯಿತು. ಕಂಬದಲ್ಲಿ ಟ್ರಂಪ್ ಪಕ್ಷಪಾತಿಗಳ ಕೆಂಪು ಟೋಪಿ ತೂಗಿತು.

ಬಾವುಟವನ್ನು ಕದ್ದವರಾರು? ನಕ್ಷತ್ರವನ್ನು ಗುರುತಿಸಿದವನು ‘ನಾನು ಆಕಾಶವನ್ನಷ್ಟೇ ನೋಡಿದೆ’ ಎನ್ನಬಹುದು. ಹಾರ್ನ್ ಬಾರಿಸಿದವನು ‘ನಾನು ರಸ್ತೆಯಲ್ಲಿದ್ದೆ’ ಎನ್ನಬಹುದು. ಮನೆಯಲ್ಲಿ ಕುಳಿತು ಹುರಿದುಂಬಿಸಿದವನು ‘ಅದು ಬರಿಯ ವಿನೋದ’ ಎನ್ನಬಹುದು. ಒಬ್ಬೊಬ್ಬರ ಮಾತೂ ತಕ್ಕಮಟ್ಟಿಗೆ ನಿಜವೇ. ಆದರೆ ಇವರೆಲ್ಲರನ್ನೂ ಬಿಟ್ಟರೆ ಆ ಕೃತ್ಯವೇ ಇಲ್ಲ. ಮನದಲ್ಲಿ ಹುಟ್ಟಿದುದು ವಚನವಾಗಿ, ವಚನವು ಕಾಯದ ಕ್ರಿಯೆಯಾಗಿ ಇಳಿಯುವ ಬಗೆಯಿದು. ಇದು ಬಟ್ಟೆಯ ತುಂಡಿನ ಪ್ರಶ್ನೆಯಷ್ಟೇ ಅಲ್ಲ. ಅದೇ ತಿಂಗಳು ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಬಾವುಟ ಹಾರಿಸಿದಾಗ ಜನ ಕಟ್ಟಡದ ಛಾವಣಿ ಹತ್ತಿದರು. ಪೊಲೀಸರ ಸಲಹೆಯಂತೆ ಮರುದಿನವೇ ಅದನ್ನು ಇಳಿಸಬೇಕಾಯಿತು. ಕಾಲು ಜಾರಿದ್ದರೆ ಹೋಗುತ್ತಿದ್ದುದು ಪ್ರಾಣ.

ಹಾಗಾದರೆ ಎಲ್ಲರ ದೋಷವೂ ಸಮವೇ? ಅಲ್ಲ. ಭಾವವು ತೀವ್ರವೋ ಮಂದವೋ, ಅರಿತು ಮಾಡಿದುದೋ ಅರಿಯದೆ ಮಾಡಿದುದೋ ಎಂಬುದರಿಂದ ಭಾರದಲ್ಲಿ ಭೇದವುಂಟು. ಬಾವುಟವನ್ನಿಳಿಸಿದವನ ಹೊಣೆ ನಕ್ಕವನಿಗಿಂತ ಹೆಚ್ಚಿನದು. ಆದರೆ ಕಡಿಮೆ ಎಂದರೆ ಇಲ್ಲವೆಂದಲ್ಲ.

ಕಲಾವಿದರ ಮಾತನ್ನು ಒಪ್ಪದಿರುವುದೂ ದೋಷವಲ್ಲ. ಐಕ್ಯವನ್ನು ಸಾರುವ ಆ ವಾಕ್ಯ ‘ಅವನು’ ಎಂದು ಒಬ್ಬನನ್ನು ಹೊರಗಿರಿಸಿಯೇ ಮೊದಲಾಗುತ್ತದೆ. ಅನೇಕಾಂತ ದೃಷ್ಟಿಯುಳ್ಳವರು ಇದನ್ನೂ ಗಮನಿಸಬೇಕು. ಆದರೆ ಎದುರಿನವರ ಮಾತಿಗೆ ಉತ್ತರ ಕೊಡುವುದು ಬೇರೆ, ಆ ಮಾತೇ ಕಾಣದಂತೆ ಮಾಡುವುದು ಬೇರೆ.

ಇಂದು ನಮ್ಮ ಮನೆಮನೆಯಲ್ಲಿಯೂ ಮೊಬೈಲ್ ಇದೆ. ಯಾರನ್ನೋ ಹೀಯಾಳಿಸುವ ಸಂದೇಶ ಬರುತ್ತದೆ. ನಾವು ಬರೆದುದಲ್ಲವೆಂಬ ಧೈರ್ಯದಿಂದ ಅದನ್ನು ಮತ್ತೊಬ್ಬರಿಗೆ ದಾಟಿಸುತ್ತೇವೆ. ಅದು ಯಾರ ಬಾಗಿಲಿಗೆ ಹೋಗಿ ನಿಲ್ಲುವುದೆಂದು ನಮಗೆ ತಿಳಿಯದು. ಹಾಗೆ ತಿಳಿಯದಿರುವುದು ಕ್ಷಮೆಗೆ ಕಾರಣವಾಗಲಾರದು. ಕೈ ತಡೆಯಲು ಕಾರಣವಾಗಬೇಕು. ಸಂಜೆ ಪ್ರತಿಕ್ರಮಣಕ್ಕೆ ಕುಳಿತಾಗ ದಿನದ ದೋಷಗಳ ಜೊತೆಗೆ, ದಾಟಿಸಿದ ಮಾತುಗಳನ್ನೂ ನಕ್ಕ ನಗೆಯನ್ನೂ ನೆನೆಯುವುದು ಒಳಿತು.